ಹೊಟ್ಟೆಯೊಳಗಿನ ನಾಲ್ಕು ಕಿಲೋ

ಸ್ಕ್ಯಾನ್ ವರದಿಯ ಎರಡನೆಯ ಹಾಳೆಯ ಕೊನೆಯ ಸಾಲುಗಳಲ್ಲಿ ಅದು ಇತ್ತು: ಶಿಶುವಿನ ಅಂದಾಜು ತೂಕ 4012 ಗ್ರಾಂ. ಪಕ್ಕದಲ್ಲಿ ಕೂಡು-ಕಳೆ ಚಿಹ್ನೆ ಹಾಕಿ 586 ಗ್ರಾಂ ಎಂದು ಮುದ್ರಿಸಿದ್ದರು. ನನಗೆ ಆಗ ಮೂವತ್ತೇಳು ವಾರ ತುಂಬಿ ಎರಡು ದಿನವಾಗಿತ್ತು. ಹೊರಗೆ ಶ್ರಾವಣದ ಮಳೆ. ಹೊಸನಗರದ ಕಡೆ ಇರುವ ನನ್ನ ತವರಿಗೆ ಹತ್ತಿರದ ಒಂದು ನರ್ಸಿಂಗ್ ಹೋಂನಲ್ಲಿ ಕುಳಿತಿದ್ದೆ. ಆರು ವರ್ಷದ ಹಿಂದೆ ಮಗಳು ಹುಟ್ಟಿದ್ದು ಅಲ್ಲಿಯೇ. 3.3 ಕಿಲೋ ಇದ್ದಳು, ಸಹಜ ಹೆರಿಗೆ, ಮೂರನೆಯ ದಿನ ಮನೆಗೆ ಬಂದಿದ್ದೆವು. ಎರಡನೆಯದೂ ಹಾಗೆಯೇ ಆಗುತ್ತದೆ ಎಂದು ನಂಬಿಕೊಂಡಿದ್ದೆ.

"ನಾಲ್ಕು ಕಿಲೋ ದಾಟಿದೆ. ಸಕ್ಕರೆಯೂ ಇದೆ. ಸಿಸೇರಿಯನ್ ಮಾಡಿಬಿಡೋಣ. ಮುಂದಿನ ವಾರ ಅನುಕೂಲವಾದ ದಿನ ಹೇಳಿ" ಎಂದರು ಡಾಕ್ಟರು. ಅವರ ಮಾತು ಮುಗಿಯುವಷ್ಟರಲ್ಲಿ ಹೊರಗೆ ಇನ್ನೊಬ್ಬರ ಹೆಸರು ಕೂಗಿಯಾಗಿತ್ತು. ಮನೆಗೆ ಬಂದೊಡನೆ ಅಪ್ಪ ಪಂಚಾಂಗ ತೆಗೆದರು.

ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಕೂಡು-ಕಳೆ ಚಿಹ್ನೆಯನ್ನು ಕಂಡೂ ಕಾಣದಂತೆ ಬಿಡುವುದು ನನ್ನಿಂದಾಗದು. ರಾತ್ರಿ ಎಲ್ಲರೂ ಮಲಗಿದ ಮೇಲೆ ವರದಿಯನ್ನು ಮತ್ತೆ ಬಿಡಿಸಿ, ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. 586 ಕಳೆದರೆ 3426. ಕೂಡಿದರೆ 4598. ಮೊದಲನೆಯದು ನನ್ನ ಮಗಳಿಗಿಂತ ತುಸುವೇ ದೊಡ್ಡದಾದ ಮಗು. ಎರಡನೆಯದು ನಾಲ್ಕೂವರೆ ಕಿಲೋ ಮೀರಿದ, ಹೆರಿಗೆ ಮಾಡಿಸುವವರೂ ಒಮ್ಮೆ ಯೋಚಿಸಬೇಕಾದ ಮಗು. ನನ್ನ ಮಗು ಈ ಎರಡರ ನಡುವೆ ಎಲ್ಲಿ ಬೇಕಾದರೂ ಇರಬಹುದಿತ್ತು. ಯಂತ್ರವೇನೂ ಮಗುವನ್ನು ತಕ್ಕಡಿಗೆ ಹಾಕುವುದಿಲ್ಲ. ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಯ ಮೂಳೆಯ ಉದ್ದ ಇವುಗಳನ್ನು ಅಳೆದು ಒಂದು ಸೂತ್ರಕ್ಕೆ ಹಾಕುತ್ತದೆ. ಉತ್ತರ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಆಗಬಹುದು. ನಮ್ಮ ಮನೆಯಲ್ಲಿ ಮಾತ್ರ ಅಷ್ಟರೊಳಗೆ ಅದು "ನಾಲ್ಕು ಕಿಲೋ ಮಗು" ಎಂದು ಹೆಸರಾಗಿ, ನೆರೆಮನೆಯವರೂ ಬಂದು ಹೊಟ್ಟೆ ನೋಡಿ ಹೋಗಿದ್ದರು. ಎಲ್ಲರಿಗೂ ಸಂತೋಷವೇ. ದುಂಡಗಿನ ಮಗು ಯಾರಿಗೆ ಬೇಡ?

ಸಕ್ಕರೆಯ ಮಾತನ್ನೂ ಹೇಳಬೇಕು, ಏಕೆಂದರೆ ಮುಂದಿನ ತೀರ್ಮಾನವೆಲ್ಲ ಅದರ ಮೇಲೆಯೇ ನಿಂತಿತ್ತು. ಇಪ್ಪತ್ತೈದನೆಯ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆದರು. 140ರ ಒಳಗಿರಬೇಕಾದದ್ದು ನನಗೆ 168 ಇತ್ತು. ಮಾವು, ಹಲಸು ಎರಡೂ ಮನೆ ತುಂಬಿದ್ದ ಕಾಲ ಅದು. ಹಲಸಿನ ಹಣ್ಣಿನ ಕಡಬು ಬೇಯುತ್ತಿದ್ದರೆ ನಾನು ಜಗಲಿಯಲ್ಲಿ ಕುಳಿತು ರಾಗಿ ರೊಟ್ಟಿಯನ್ನು ಸೊಪ್ಪಿನ ಪಲ್ಯದೊಂದಿಗೆ ತಿನ್ನುತ್ತಿದ್ದೆ. ದಿನಕ್ಕೆ ನಾಲ್ಕು ಬಾರಿ ಬೆರಳು ಚುಚ್ಚಿ ಅಳೆದುಕೊಳ್ಳುವುದು, ಖಾಲಿ ಹೊಟ್ಟೆಯಲ್ಲಿ 95, ಊಟವಾಗಿ ಎರಡು ಗಂಟೆಗೆ 120, ಅದರೊಳಗೆ ನಿಲ್ಲಿಸುವುದು. ಬೆಳಗಿನ ಅಂಕಿ ಹಿಡಿತಕ್ಕೆ ಬರಲೇ ಇಲ್ಲ, ಮೆಟ್‌ಫಾರ್ಮಿನ್ ಮಾತ್ರೆ ಶುರುವಾಯಿತು. ತಾಯಿಯ ರಕ್ತದ ಸಕ್ಕರೆ ಹೆಚ್ಚಾದರೆ ಅದು ಮಗುವಿಗೂ ಹೋಗುತ್ತದೆ, ಮಗು ತಾನೇ ಇನ್ಸುಲಿನ್ ಮಾಡಿಕೊಂಡು ಅದನ್ನು ಕೊಬ್ಬಾಗಿ ಕೂಡಿಡುತ್ತದೆ. ಆ ಕೊಬ್ಬು ಹೊಟ್ಟೆಗೂ ಭುಜಕ್ಕೂ ಸೇರುತ್ತದೆ, ತಲೆಗೆ ಸೇರುವುದಿಲ್ಲ. ಈ ಒಂದು ಸಂಗತಿಯ ತೂಕ ನನಗೆ ಆಮೇಲೆ ಗೊತ್ತಾಯಿತು.

ನನ್ನ ಗಂಡ ಫೋನಿನಲ್ಲಿ ಸಿಡಿಮಿಡಿಗೊಂಡರು. ದುಡ್ಡಿಗಾಗಿ ಕೊಯ್ಯುತ್ತಾರೆ ಎಂಬುದು ಅವರ ಮಾತು. ಅವರ ಅನುಮಾನಕ್ಕೆ ಆಧಾರವಿಲ್ಲ ಎನ್ನಲಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4 ಹೆರಿಗೆ ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಆದರೆ ನಮ್ಮ ಡಾಕ್ಟರು ದುರಾಸೆಯವರೆಂದು ನನಗೆ ಅನ್ನಿಸಿರಲಿಲ್ಲ. ನನಗೆ ನೋವಾದದ್ದು ಬೇರೆಯದಕ್ಕೆ. ನನ್ನ ಮೈಯ ಬಗ್ಗೆ ಇಷ್ಟು ದೊಡ್ಡ ತೀರ್ಮಾನ ನನ್ನ ಎದುರಿನಲ್ಲೇ ಆಯಿತು, ಅದಕ್ಕೆ ಕಾರಣವೇನೆಂದು ಒಂದು ವಾಕ್ಯವೂ ನನಗೆ ಸಿಗಲಿಲ್ಲ. ಮಗು ದೊಡ್ಡದಾದರೆ ಏನಾಗುತ್ತದೆ? ಏನಕ್ಕೆ ಹೆದರಬೇಕು? ಅದು ನನಗೆ ಅಲ್ಲಿ ಗೊತ್ತಾಗಲಿಲ್ಲ.

ಗೊತ್ತಾದದ್ದು ಬಚ್ಚಲು ಒಲೆಯ ಮುಂದೆ, ಅಜ್ಜಿಯಿಂದ.

ಅಜ್ಜಿಗೆ ಎಂಬತ್ತನಾಲ್ಕು. ಮರುದಿನ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುತ್ತಾ ಕುಳಿತಿದ್ದಳು. ನಾನು ಹೋಗಿ ಪಕ್ಕದ ಮಣೆಯ ಮೇಲೆ ಕುಳಿತೆ. "ದೊಡ್ಡ ಮಗುವಂತೆ?" ಎಂದು ಕೇಳಿದಳು. ಹೌದೆಂದೆ. ಅಡಿಕೆ ಹಾಳೆಯ ತುಂಡೊಂದನ್ನು ಒಲೆಗೆ ನೂಕಿದಳು. ಬಹಳ ಹೊತ್ತು ಸುಮ್ಮನಿದ್ದಳು.

"ನಿನ್ನ ಅಪ್ಪನ ನಂತರ ನನಗೊಂದು ಗಂಡು ಮಗು ಆಗಿತ್ತು" ಎಂದಳು. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. "ಹೀಗೆಯೇ ಮಳೆ. ಹೊಳೆ ತುಂಬಿತ್ತು. ಸೂಲಗಿತ್ತಿ ಸಂಜೆಯೇ ಬಂದಿದ್ದಳು. ನಿನ್ನ ಅಪ್ಪನನ್ನು ಹೆರಿಗೆ ಮಾಡಿಸಿದವಳೂ ಅವಳೇ, ಒಳ್ಳೆಯ ಕೈ. ತಲೆ ಬಂತು, ಪುಟ್ಟಿ. ಮೈ ಬರಲಿಲ್ಲ."

ಒಲೆಯ ಕಡೆಗೇ ನೋಡುತ್ತಾ ಹೇಳುತ್ತಿದ್ದಳು. ಆಮೇಲೆ ಮೈಯೂ ಬಂತಂತೆ. ಮಗು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತಂತೆ. ಅಳಲಿಲ್ಲ. "ತೊಟ್ಟಿಲಿಗೆ ಹಾಕಿದ್ದರೆ ತೊಟ್ಟಿಲು ತುಂಬುತ್ತಿತ್ತು, ಅಷ್ಟು ದುಂಡಗೆ." ಅವಳ ರಕ್ತದಲ್ಲಿ ಸಕ್ಕರೆ ಇತ್ತೋ ಇಲ್ಲವೋ, ಅಂದು ಅಳೆಯುವವರು ಯಾರಿದ್ದರು? ಸೂಲಗಿತ್ತಿಯನ್ನು ಅವಳು ಒಮ್ಮೆಯೂ ದೂರಲಿಲ್ಲ. ನಾನೂ ದೂರುವುದಿಲ್ಲ. ಪಾವಗಡದ ಕಡೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥವರ ಕೈಯಲ್ಲಿ ಹುಟ್ಟಿದ ತಲೆಮಾರು ನಮ್ಮದಕ್ಕಿಂತ ಹಿಂದಿನದು. ಆದರೆ ಆ ರಾತ್ರಿ ಹೊಳೆಯ ಈಚೆ ದಡದಲ್ಲಿ ಅಜ್ಜಿಗೆ ಅವಳೊಬ್ಬಳೇ ಇದ್ದಳು.

ಆ ಮಧ್ಯಾಹ್ನವೇ ಗಂಡನಿಗೆ ಹೇಳಿ, ಸ್ಕ್ಯಾನ್, ತಾಯಿ ಕಾರ್ಡ್ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಶಿವಮೊಗ್ಗಕ್ಕೆ ಹೊರಟೆ. ಅಮ್ಮನಿಗೆ ಬೇಸರವಾಯಿತು. ಎರಡನೆಯ ಹೆರಿಗೆಯೂ ತವರಿನಲ್ಲೇ ಆಗಬೇಕೆಂದು ಅವಳು ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ಲೇಹ್ಯಕ್ಕೆ ಸಾಮಾನು ತರಿಸಿ ಇಟ್ಟಿದ್ದಳು. ಬಾಣಂತನಕ್ಕೆ ಇಲ್ಲಿಗೇ ಬರುತ್ತೇನೆ, ಹೆರಿಗೆ ಎಲ್ಲಿ ಎಂಬುದನ್ನು ಮಾತ್ರ ನೋಡಬೇಕು ಎಂದು ಅವಳ ಕೈ ಹಿಡಿದು ಹೇಳಿದೆ.

ಶಿವಮೊಗ್ಗದ ದೊಡ್ಡ ಆಸ್ಪತ್ರೆಯೊಂದರಲ್ಲಿ ನನ್ನನ್ನು ನೋಡಿದ ಡಾಕ್ಟರು ನಡುವಯಸ್ಸಿನ ಹೆಂಗಸು. ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ನೋಡಿದರು, ಆಮೇಲೆ ವರದಿ ತೆಗೆದರು. ನಾನು ಅಜ್ಜಿಯ ಮಾತನ್ನು ಹಾಗೆಯೇ ಹೇಳಿದೆ. ಅವರು ಔಷಧಿ ಚೀಟಿಯನ್ನು ಮಗುಚಿ ಪೆನ್ನಿನಿಂದ ಚಿತ್ರ ಬರೆದರು. ತಾಯಿಯ ಮುಂಭಾಗದ ಮೂಳೆ, ಅದರಡಿಯಲ್ಲಿ ಆಚೆ ಬಂದ ತಲೆ, ಮೂಳೆಯ ಹಿಂದೆ ಕೊಕ್ಕೆಯಂತೆ ಸಿಕ್ಕಿಕೊಂಡ ಭುಜ.

"ನಿಮ್ಮ ಅಜ್ಜಿಗೆ ಆದದ್ದು ಬಹುಶಃ ಇದು. ಭುಜ ಸಿಕ್ಕಿಕೊಳ್ಳುವುದು. ಸಾಮಾನ್ಯವಾಗಿ ತಲೆಯೇ ದೊಡ್ಡದು, ಅದು ಬಂದ ದಾರಿಯಲ್ಲಿ ಮೈ ಬರುತ್ತದೆ. ಸಕ್ಕರೆ ಇರುವ ತಾಯಂದಿರ ಮಗುವಿಗೆ ಭುಜ ದಪ್ಪವಿರುತ್ತದೆ, ಅದಕ್ಕೇ ನಾವು ಹೆದರುವುದು" ಎಂದರು. ಹೀಗೆ ಸಿಕ್ಕಿಕೊಂಡಾಗ ಕುತ್ತಿಗೆಯ ನರ ಎಳೆದು ಕೈಯ ಶಕ್ತಿ ಹೋಗಬಹುದು, ಹೆಚ್ಚಿನವು ತಾನಾಗಿ ಸರಿಹೋಗುತ್ತವೆ, ಕೆಲವು ಹೋಗುವುದಿಲ್ಲ. ತೀರ ತಡವಾದರೆ ಉಸಿರಿಗೇ ಸಂಚಕಾರ ಎಂದರು. ಯಾರಿಗೆ ಹೀಗಾಗುತ್ತದೆಂದು ಮುಂಚಿತವಾಗಿ ಹೇಳಲಾಗದು. ಚಿಕ್ಕ ಮಗುವಿಗೂ ಆಗಬಹುದು, ದೊಡ್ಡ ಮಗು ಸಲೀಸಾಗಿ ಬರಲೂಬಹುದು.

ಅವರು ಮೂರು ದಾರಿ ಇಟ್ಟರು. ನೇರವಾಗಿ ಸಿಸೇರಿಯನ್, ನೋವು ಬರಿಸಿ ಹೆರಿಗೆಗೆ ಪ್ರಯತ್ನಿಸುವುದು, ನೋವು ತಾನಾಗಿ ಬರುವವರೆಗೆ ಕಾಯುವುದು. ಕಾಯುವುದನ್ನು ಅವರು ಒಪ್ಪಲಿಲ್ಲ, ಸಕ್ಕರೆ ಇರುವಾಗ ದಿನ ಕಳೆದಷ್ಟೂ ಮಗು ಬೆಳೆಯುತ್ತದೆ. ಉಳಿದ ಎರಡರಲ್ಲಿ ಯಾವುದೆಂದು ಯೋಚಿಸಿ ಬನ್ನಿ ಎಂದರು. ಸಕ್ಕರೆ ಇರುವವರಿಗೆ ಅಂದಾಜು ತೂಕ ನಾಲ್ಕೂವರೆ ಕಿಲೋ ಮುಟ್ಟಿದಾಗ ಸಿಸೇರಿಯನ್ ಮಾತು ಬರುತ್ತದೆ, ಸಕ್ಕರೆ ಇಲ್ಲದವರಿಗೆ ಐದು ಕಿಲೋ. ಇದು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಹಾಕಿಕೊಂಡ ಗೆರೆ. ನಾನು ಗೆರೆಯ ಈಚೆಗಿದ್ದೆ, ಆದರೆ ನನ್ನ ಲಕೋಟೆಯ ಲೆಕ್ಕದ ಮೇಲಿನ ತುದಿ ಗೆರೆಯನ್ನು ದಾಟಿತ್ತು.

ಮೂರು ರಾತ್ರಿ ಓದಿದೆ. 1996ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ನಾಲ್ಕೂವರೆ ಕಿಲೋ ಗೆರೆ ಹಾಕಿಕೊಂಡು ಸಿಸೇರಿಯನ್ ಮಾಡುತ್ತಾ ಹೋದರೆ, ಒಂದು ಮಗುವಿನ ಕೈ ಶಾಶ್ವತವಾಗಿ ಊನವಾಗುವುದನ್ನು ತಪ್ಪಿಸಲು ಸಕ್ಕರೆ ಇಲ್ಲದ 3695 ತಾಯಂದಿರನ್ನು ಕೊಯ್ಯಬೇಕಾಗುತ್ತದೆ. ಸಕ್ಕರೆ ಇದ್ದರೆ 443. ಆ 443ರಲ್ಲಿ ಒಬ್ಬಳು ನಾನಾಗುವುದಕ್ಕೆ ಒಪ್ಪಿಗೆಯಿದೆಯೇ? ಹೊಟ್ಟೆಯ ಗಾಯ, ಮುಂದೆ ಇನ್ನೊಮ್ಮೆ ಬಸುರಾದರೆ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಭಯ, ಎಲ್ಲವೂ ನನಗೆ. ಉಳಿಯುವ ಕೈ ಯಾವುದೋ ಒಂದು ಮಗುವಿನದು. ಆ ಒಂದು ಮಗು ನನ್ನದೇ ಆಗಿದ್ದರೆ? ತರಗತಿಯಲ್ಲಿ ಸಂಭವನೀಯತೆಯನ್ನು ಎಷ್ಟೋ ವರ್ಷದಿಂದ ಕಲಿಸಿದ್ದೇನೆ, ದಾಳಗಳನ್ನು ಉರುಳಿಸಿ ತೋರಿಸಿದ್ದೇನೆ. ಎದೆಬಡಿತವಿರುವ ಒಂದು ಅಂಕಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಆ ಪಾಠವನ್ನು ಓದಿದ್ದು ಅದೇ ಮೊದಲು.

ನೋವು ಬರಿಸುವ ಬಗ್ಗೆ ಎರಡು ಅಧ್ಯಯನ ಸಿಕ್ಕಿತು. 2015ರಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಬೆಲ್ಜಿಯಂಗಳಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ನೋಡಿದಾಗ, ಕಾದವರಲ್ಲಿ ನೂರಕ್ಕೆ ಆರು ಮಂದಿಗೆ ಭುಜದ ತೊಂದರೆಯಾಗಿತ್ತು, ಮೊದಲೇ ನೋವು ಬರಿಸಿದವರಲ್ಲಿ ಎರಡು; ಸಿಸೇರಿಯನ್ ಹೆಚ್ಚಾಗಿರಲಿಲ್ಲ, ಕಾಮಾಲೆಗೆ ಬೆಳಕಿನಡಿ ಇಡಬೇಕಾದ ಮಕ್ಕಳು ಮಾತ್ರ ಹೆಚ್ಚಿದ್ದರು. ಬ್ರಿಟನ್ನಿನ 2025ರ ಇನ್ನೂ ದೊಡ್ಡ ಅಧ್ಯಯನದಲ್ಲಿ ಅಂತರ ಅಷ್ಟಿರಲಿಲ್ಲ: 3.1ಕ್ಕೆ 2.3. ಎರಡನ್ನೂ ಡಾಕ್ಟರ ಮುಂದಿಟ್ಟಾಗ, "ನಿಮಗೆ ಸಕ್ಕರೆ ಇದೆ, ಆ ಅಂಕಿಯನ್ನು ಹಾಗೆಯೇ ತಂದು ನಿಮಗೆ ಕೂಡಿಸಬೇಡಿ" ಎಂದರು.

ಸ್ಕಾಟ್ಲೆಂಡಿನ ನಾಡಿನ್ ಮಾಂಟ್ಗೊಮರಿಯವರ ಮೊಕದ್ದಮೆಯನ್ನು ಓದಿದ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಕುಳ್ಳಗಿನ ಹೆಂಗಸು, ಸಕ್ಕರೆ ಕಾಯಿಲೆ, ದೊಡ್ಡ ಮಗು. ಹೆರಲು ಸಾಧ್ಯವೇ ಎಂದು ಆಕೆ ಆತಂಕ ತೋಡಿಕೊಂಡಿದ್ದರು. ಭುಜ ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ ಒಂಬತ್ತು ಹತ್ತು ಇದೆಯೆಂದು ಡಾಕ್ಟರು ಹೇಳಲಿಲ್ಲ. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಎಂಬ ಕಾರಣಕ್ಕೆ. 1999ರಲ್ಲಿ ಹುಟ್ಟಿದ ಮಗನ ಭುಜ ಹನ್ನೆರಡು ನಿಮಿಷ ಸಿಕ್ಕಿಕೊಂಡಿತ್ತು, ಮೆದುಳಿಗೆ ಪೆಟ್ಟಾಯಿತು. ತಾಯಿಗೆ ಮುಖ್ಯವಾಗುವ ಅಪಾಯವನ್ನು ಆಕೆಗೆ ಹೇಳಲೇಬೇಕು ಎಂದು 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಲ್ಲಿ ಹೇಳದೆ ಹೆರಿಗೆಗೆ ಬಿಟ್ಟರು, ಇಲ್ಲಿ ಹೇಳದೆ ಕೊಯ್ಯಲು ಹೊರಟಿದ್ದರು. ನನಗೆ ಎರಡೂ ಒಂದೇ ತಪ್ಪಾಗಿ ಕಂಡಿತು.

ಬೆಳಗಾಗುವ ಹೊತ್ತಿಗೆ ನನಗೆ ಹೊಳೆದದ್ದು ಇಷ್ಟು. ನಾರ್ಮಲ್ಲೋ ಸಿಸೇರಿಯನ್ನೋ ಎಂದೇ ಇಷ್ಟು ದಿನ ಕೇಳಿಕೊಂಡಿದ್ದೆ. ಅಜ್ಜಿಯ ಮಾತಿನಲ್ಲಿದ್ದ ಪ್ರಶ್ನೆ ಅದಲ್ಲ. ಭುಜ ಸಿಕ್ಕಿಕೊಂಡರೆ ಆ ಗಳಿಗೆಯಲ್ಲಿ ಕೋಣೆಯಲ್ಲಿ ಯಾರಿರುತ್ತಾರೆ? ನರ್ಸಿಂಗ್ ಹೋಂಗೆ ಫೋನ್ ಮಾಡಿ ಸಿಸ್ಟರನ್ನು ಕೇಳಿದೆ, ರಾತ್ರಿ ತುರ್ತಾದರೆ ಅರಿವಳಿಕೆ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು. ಮುಕ್ಕಾಲು ಗಂಟೆ ಎಂದರು. ಮಕ್ಕಳ ಡಾಕ್ಟರು? ಅವರೂ ಹೊರಗಿನಿಂದಲೇ. ಅಲ್ಲಿ ಹೆರುವುದಾದರೆ ನಾನು ಸಿಸೇರಿಯನ್ನನ್ನೇ ಆರಿಸುತ್ತಿದ್ದೆ, ಹಗಲು ಹೊತ್ತು, ಎಲ್ಲರನ್ನೂ ಮೊದಲೇ ಕರೆಸಿಕೊಂಡು. ಆ ಡಾಕ್ಟರು ಹೇಳಿದ್ದು ಅವರ ಕಟ್ಟಡಕ್ಕೆ ಸರಿಯಾದ ಮಾತೇ ಆಗಿತ್ತು ಎಂದು ಈಗ ಅನ್ನಿಸುತ್ತದೆ. ಆ ಕಾರಣವನ್ನು ಬಾಯಿಬಿಟ್ಟು ಹೇಳಿದ್ದರೆ ನನಗೆ ಅವರ ಮೇಲೆ ಗೌರವ ಹೆಚ್ಚಾಗುತ್ತಿತ್ತು.

ಶಿವಮೊಗ್ಗದ ಡಾಕ್ಟರಿಗೆ ನಾಲ್ಕು ಪ್ರಶ್ನೆ ಬರೆದುಕೊಂಡು ಹೋದೆ. ಅರಿವಳಿಕೆಯವರು ಹಗಲಿರುಳು ಒಳಗೇ ಇರುತ್ತಾರೆಯೇ? ಹೆರಿಗೆ ಕೋಣೆಗೆ ಮಕ್ಕಳ ಡಾಕ್ಟರು ಮೊದಲೇ ಬಂದು ನಿಲ್ಲುತ್ತಾರೆಯೇ? ಭುಜ ಸಿಕ್ಕಿದರೆ ಏನು ಮಾಡಬೇಕೆಂದು ಸಿಸ್ಟರುಗಳಿಗೆ ಅಭ್ಯಾಸವಿದೆಯೇ? ಹೆರಿಗೆ ಮುಂದುವರಿಯದಿದ್ದರೆ ಎಷ್ಟು ಹೊತ್ತು ಕಾಯುತ್ತೀರಿ? ಮೂರಕ್ಕೆ ಹೌದು ಎಂದರು. ನಾಲ್ಕನೆಯದಕ್ಕೆ, "ತಲೆ ಇಳಿಯದಿದ್ದರೆ ಉಪಕರಣ ಹಾಕಿ ಎಳೆಯುವುದಿಲ್ಲ, ನೇರ ಥಿಯೇಟರಿಗೆ. ಆಗ ನೀವೂ ಹಟ ಮಾಡಬಾರದು" ಎಂದರು. ಒಪ್ಪಿದೆ. ಮೂವತ್ತೆಂಟು ವಾರ ಐದು ದಿನಕ್ಕೆ ನೋವು ಬರಿಸುವುದೆಂದಾಯಿತು. ಅಪ್ಪ ಪಂಚಾಂಗ ನೋಡಿ ಆ ದಿನಕ್ಕೆ ಏನೂ ಹೇಳಲಿಲ್ಲ.

ರಾತ್ರಿ ಜೆಲ್ ಹಾಕಿದರು, ಬೆಳಿಗ್ಗೆ ಡ್ರಿಪ್. ಗಂಟೆಗೊಮ್ಮೆ ಸಕ್ಕರೆ ನೋಡುತ್ತಿದ್ದರು. ನೋವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಕೋಣೆಯಲ್ಲಿ ಆರು ಜನ ಇದ್ದರು. ಹಸಿರು ಅಂಗಿಯ ಎಳೆಯ ಡಾಕ್ಟರೊಬ್ಬರು ಮೂಲೆಯ ಬೆಚ್ಚನೆಯ ತೊಟ್ಟಿಲ ಪಕ್ಕ ಕೈಕಟ್ಟಿ ನಿಂತಿದ್ದರು. ತಲೆ ಬಂತು. ಅಮ್ಮಾ ಎಂದು ಉಸಿರು ಬಿಡುವಷ್ಟರಲ್ಲಿ ಡಾಕ್ಟರ ಮುಖ ಬದಲಾಯಿತು. ಬಂದ ತಲೆ ಆಮೆಯ ತಲೆಯಂತೆ ಹಿಂದಕ್ಕೆ ಎಳೆದುಕೊಂಡಿತ್ತು ಎಂದು ಆಮೇಲೆ ಹೇಳಿದರು.

"ಭುಜ. ಟೈಂ ನೋಡಿ" ಎಂದರು, ಧ್ವನಿ ಏರಿಸದೆ. "ಈಗ ಮುಕ್ಕಬೇಡಿ ಅಮ್ಮ."

ಇಬ್ಬರು ಸಿಸ್ಟರುಗಳು ನನ್ನ ಎರಡೂ ಮೊಣಕಾಲನ್ನು ಮಡಿಸಿ ಎದೆಯ ಕಡೆಗೆ ಒತ್ತಿ ಹಿಡಿದರು. ಮೂರನೆಯವರು ಸ್ಟೂಲಿನ ಮೇಲೆ ನಿಂತು, ಕಿಬ್ಬೊಟ್ಟೆಯ ಕೆಳಗೆ, ಮೂಳೆಯ ಮೇಲ್ಬದಿಯಲ್ಲಿ ಅಂಗೈಯ ಬುಡದಿಂದ ಓರೆಯಾಗಿ ಒತ್ತಿದರು. ಆ ಅಂಗೈಯ ಬಿಸಿ ನನಗೆ ಇಂದಿಗೂ ನೆನಪಿದೆ. ಗೋಡೆಯ ಬಳಿಯಿಂದ ಒಂದು ಹೆಣ್ಣು ಧ್ವನಿ "ಇಪ್ಪತ್ತು... ಮೂವತ್ತು..." ಎನ್ನುತ್ತಿತ್ತು. ಇದಕ್ಕೂ ಬಗ್ಗದಿದ್ದರೆ ನನ್ನನ್ನು ಅಂಗೈ ಮೊಣಕಾಲೂರಿಸಿ ತಿರುಗಿಸುವುದು ಮುಂದಿನ ಹೆಜ್ಜೆಯೆಂದು ನನಗೆ ಮೊದಲೇ ಹೇಳಿದ್ದರು. ಗ್ವಾಟೆಮಾಲಾದ ಸೂಲಗಿತ್ತಿಯರು ಬಲ್ಲ ಉಪಾಯವದು. ಅಮೆರಿಕದ ಇನಾ ಮೇ ಗ್ಯಾಸ್ಕಿನ್ ಎಂಬಾಕೆ ಕಲಿತು ಹರಡಿದರು. ಅಷ್ಟಕ್ಕೆ ಹೋಗಬೇಕಾಗಲಿಲ್ಲ. ಒಳಗೆ ಏನೋ ಜಾರಿದಂತಾಯಿತು. "ಐವತ್ತು" ಎಂದದ್ದೂ "ಬಂತು" ಎಂದದ್ದೂ ಒಟ್ಟಿಗೇ ಕೇಳಿಸಿತು.

ಮಗ ತಕ್ಷಣ ಅಳಲಿಲ್ಲ. ಹಸಿರು ಅಂಗಿಯವರು ಬೆನ್ನು ಉಜ್ಜಿದರು. ಆಮೇಲೆ ಅತ್ತ.

4160 ಗ್ರಾಂ. ಸ್ಕ್ಯಾನ್ ಹೇಳಿದ ದಿನದಿಂದ ಹತ್ತು ದಿನ ಬೆಳೆದಿದ್ದ ಎಂದರೆ ಯಂತ್ರ ತುಸು ಹೆಚ್ಚೇ ಹೇಳಿತ್ತು, ಆದರೆ ತೀರ ತಪ್ಪಿರಲಿಲ್ಲ. ಹಿಮ್ಮಡಿ ಚುಚ್ಚಿ ಅವನ ಸಕ್ಕರೆ ನೋಡಿದಾಗ 38 ಬಂತು, ಕೂಡಲೇ ಎದೆಗೆ ಹಾಕಿಸಿದರು, ಸಂಜೆಗೆ ಸರಿಯಾಯಿತು. ಮೂರನೆಯ ದಿನ ಮೈ ಹಳದಿಯಾಗಿ ಎರಡು ದಿನ ನೀಲಿ ಬೆಳಕಿನಡಿ ಮಲಗಿದ. ಇವೆಲ್ಲ ಮೊದಲೇ ಗೊತ್ತಿದ್ದವು. ಗೊತ್ತಿದ್ದೂ ತಡೆದುಕೊಳ್ಳಲಾಗದ್ದು ಎಡಗೈ. ಬೆಚ್ಚಿಬಿದ್ದಾಗ ಬಲಗೈ ಹಾರುತ್ತಿತ್ತು, ಎಡಗೈ ಮೈಗಂಟಿ ಹಾಗೆಯೇ ಇರುತ್ತಿತ್ತು. ನರ ಎಳೆದಿದೆ, ಬೆರಳು ಮಡಚುತ್ತಾನೆ, ಅದು ಒಳ್ಳೆಯ ಲಕ್ಷಣ, ಕಾಯೋಣ ಎಂದರು ಮಕ್ಕಳ ಡಾಕ್ಟರು. ಆ ರಾತ್ರಿ ವಾರ್ಡಿನಲ್ಲಿ ನಾನು ನನ್ನ ತೀರ್ಮಾನವನ್ನು ಮತ್ತೆ ಮತ್ತೆ ಕೆದಕಿದೆ. 443ರ ಆ ಒಂದು ಮಗು ಇದೇ ಆಯಿತೇ? ಗಂಡ ಏನೂ ಹೇಳದೆ ಮಗುವಿನ ಎಡ ಅಂಗೈಯೊಳಗೆ ತಮ್ಮ ಕಿರುಬೆರಳಿಟ್ಟು ಕುಳಿತಿದ್ದರು.

ಹದಿನಾರನೆಯ ದಿನ, ತವರಿನ ಬಾಣಂತಿ ಕೋಣೆಯಲ್ಲಿ, ಹಾಲು ಕುಡಿಯುತ್ತಿದ್ದವನು ಎಡಗೈಯೆತ್ತಿ ನನ್ನ ಕರಿಮಣಿ ಸರವನ್ನು ಹಿಡಿದ. ಪೂರ್ತಿ ಬಲ ಬರಲು ಎರಡು ತಿಂಗಳು ಬೇಕಾಯಿತು. ಸಿಸೇರಿಯನ್ ಮಾಡಿಸಿದ್ದರೆ ಆ ಎರಡು ತಿಂಗಳ ಭಯ ಬಹುಶಃ ಇರುತ್ತಿರಲಿಲ್ಲ ಎಂಬುದನ್ನು ಮುಚ್ಚಿಡಲಾರೆ. ನನ್ನ ಗೆಳತಿಯೊಬ್ಬಳು ಇಂಥದ್ದೇ ಸ್ಥಿತಿಯಲ್ಲಿ ಎಲ್ಲವನ್ನೂ ಕೇಳಿ ತಿಳಿದು ಸಿಸೇರಿಯನ್ ಆರಿಸಿಕೊಂಡಳು; ಅವಳ ಜೊತೆ ಆಸ್ಪತ್ರೆಗೆ ಹೋದವಳು ನಾನೇ.

ಎಡಗೈಯನ್ನು ಎಳೆಯಬಾರದು, ಕಂಕುಳಲ್ಲಿ ಕೈಕೊಟ್ಟು ಎತ್ತಬಾರದು ಎಂದು ಅಜ್ಜಿಗೆ ಹೇಳಿಕೊಟ್ಟಿದ್ದೆ. ಆ ವಯಸ್ಸಿನಲ್ಲೂ ಮಗುವಿಗೆ ನೀರು ಹಾಕುವುದು ಅವಳೇ, ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕುಳಿತು, ಕಾಲಿನ ಮೇಲೆ ಮಲಗಿಸಿಕೊಂಡು. ಒಂದು ಬೆಳಿಗ್ಗೆ ಎಣ್ಣೆ ಹಚ್ಚುತ್ತಾ ಎಡ ಭುಜದ ಹತ್ತಿರ ಅವಳ ಕೈ ನಿಂತಿತು.

"ಇವನದು ಎಷ್ಟು ಹೊತ್ತು ಸಿಕ್ಕಿಕೊಂಡಿತ್ತು?"

"ಐವತ್ತು ಸೆಕೆಂಡು, ಅಜ್ಜಿ."

"ಅಂದರೆ ಎಷ್ಟು?"

ನಾನು ಹೊಸ್ತಿಲಲ್ಲಿ ಕುಳಿತು ಒಂದರಿಂದ ಎಣಿಸತೊಡಗಿದೆ, ಗಟ್ಟಿಯಾಗಿ, ಗಡಿಯಾರದ ಮುಳ್ಳಿನಷ್ಟೇ ನಿಧಾನವಾಗಿ. ಅವಳು ಮಗುವಿನ ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿ, ಐವತ್ತರವರೆಗೂ ಕೇಳಿದಳು.